ಸಾಮೆರ್ ಯೋಧನಲ್ಲ

ವಿಡಿಯೊ ಓಡುತ್ತಿತ್ತು. ನಮ್ಮ ಚಾನೆಲ್ಲಿನ ಯಾವ ವಿಡಿಯೊವೂ ಅದುವರೆಗೆ ಹಾಗೆ ಓಡಿರಲಿಲ್ಲ. ಬೆಳಗ್ಗೆ ಹಾಸಿಗೆಯಲ್ಲೇ ಫೋನು ತೆರೆದರೆ ಬಾಗಲಕೋಟೆಯವರು, ಚಾಮರಾಜನಗರದವರು, ದುಬೈಯಲ್ಲಿ ಕೂತ ಮಂಗಳೂರಿನವರು ಎಲ್ಲರೂ ಕಾಮೆಂಟು ಹಾಕಿದ್ದರು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ನನ್ನನ್ನು ಇಟ್ಟುಕೊಂಡಿರುವ ಮನೋರಮತ್ತೆ ದಿಲ್ಲಿ ಕನ್ನಡತಿಯರ ವಾಟ್ಸಾಪ್ ಗುಂಪಿಗೆ ಅದನ್ನು ಆಗಲೇ ಕಳಿಸಿ, ಕೆಳಗೆ ಸಾಲಾಗಿ ಕೈಮುಗಿದ ಚಿತ್ರ ಹಾಕಿ, ‘ನಮ್ಮ ಜೀವನ್ ಮಾಡಿದ್ದು’ ಎಂದು ಬರೆದಿದ್ದರು. ನಾನು ತಿಂಡಿಗೆ ಕೂರದೆ ಓಲ್ಡ್ ರಾಜಿಂದರ್ ನಗರದ ಸ್ಟುಡಿಯೊಗೆ ಓಡಿದೆ.

ಸ್ಟುಡಿಯೊ ಎಂದರೆ ಎರಡನೇ ಮಹಡಿಯ ಒಂದು ಕೋಣೆ. ಗೋಡೆಗೆ ಅಂಟಿಸಿದ ಕಪ್ಪು ಫೋಮು, ಒಂದು ಕಂಪ್ಯೂಟರು, ಒಂದು ಮೈಕು, ರೆಕಾರ್ಡಿಂಗ್ ಮಾಡುವಾಗ ಆರಿಸಲೇಬೇಕಾದ ಒಂದು ಕೂಲರು. ಐಎಎಸ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಹುಡುಗರಿಗಾಗಿ ಮಹಂತೇಶ್ ಸರ್ ನಡೆಸುವ ಚಾನೆಲ್ಲು ಅದು. ಪಾಠ ಅವರದು. ಧ್ವನಿ, ಎಡಿಟಿಂಗು, ವಿಡಿಯೊಗೆ ಹೆಸರು, ಹೆಸರಿನ ಮೇಲೊಂದು ಚಿತ್ರ, ಇದೆಲ್ಲ ನನ್ನದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದವನಿಗೆ ಈ ಊರಿನಲ್ಲಿ ಅನ್ನ ಕೊಟ್ಟದ್ದು ಗಂಟಲು.

ವಿಡಿಯೊದ ಹೆಸರು: ‘ಗಾಜಾದ ವೀರಯೋಧ ಸಾಮೆರ್, ತಂಗಿಯ ಕಣ್ಣೀರ ಕಥೆ’.

ತಂಗಿಯ ಹೆಸರು ಹನೀನ್. ಗಾಜಾದವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅವಳ ಹಾಸ್ಟೆಲ್ಲಿನಲ್ಲೇ ಇರುವ ನಮ್ಮ ಧಾರವಾಡದ ನಿಹಾರಿಕಕ್ಕ, ಕಾನೂನು ಓದುವವಳು, ಅವಳನ್ನು ನಮ್ಮಲ್ಲಿಗೆ ಕರೆತಂದಿದ್ದಳು. ಹನೀನ್ ತನ್ನ ಹಾಸ್ಟೆಲ್ ಹಿಂದಿಯಲ್ಲಿ ಅಣ್ಣನ ಕಥೆ ಹೇಳಿದ್ದಳು. ಸಾಮೆರ್ ಅಲ್ಲಿಯ ಸಿವಿಲ್ ಡಿಫೆನ್ಸಿನಲ್ಲಿ ಕೆಲಸಕ್ಕಿದ್ದಾನೆ. ಬಾಂಬು ಬಿದ್ದು ಮನೆ ಕುಸಿದರೆ ಸಲಿಕೆ, ಗರಗಸ ಹಿಡಿದು ಓಡುವುದು, ಅವು ಸಿಗದಿದ್ದರೆ ಬರಿಗೈಯಲ್ಲಿ ಕಲ್ಲು ಸರಿಸುವುದು, ಕೆಳಗೆ ಉಸಿರಾಡುತ್ತಿರುವವರನ್ನು ಎಳೆದು ತರುವುದು ಅವನ ಕೆಲಸ. ಹಾಗೆ ಒಂದು ಕಡೆ ಅಗೆಯುತ್ತಿದ್ದಾಗ ಅದೇ ಜಾಗಕ್ಕೆ ಇನ್ನೊಂದು ಬಾಂಬು ಬಿತ್ತು. ಅವನ ಕಾಲು ನುಜ್ಜಾಯಿತು.

ಗಾಜಾದ ಚಿತ್ರಗಳನ್ನು ನೋಡಿ ನೋಡಿ ನನಗೆ ಆಗಲೇ ತಲೆ ಕೆಟ್ಟಿತ್ತು. ಊಟಕ್ಕೆ ಕೂತರೆ ಸಿಟ್ಟು, ಮೆಟ್ರೊದಲ್ಲಿ ನಿಂತರೆ ಸಿಟ್ಟು. ಕೆಳಗೆ ಚಾದಂಗಡಿಯಲ್ಲಿ ಹುಡುಗರು ‘ಅಂತಾರಾಷ್ಟ್ರೀಯ ಮಾನವೀಯ ಕಾನೂನು, ಹತ್ತು ಅಂಕದ ಪ್ರಶ್ನೆ’ ಎಂದು ನೋಟ್ಸು ಮಾಡಿಕೊಂಡು ಚಾ ಜೊತೆ ಮಟ್ಠಿ ಬಿಸ್ಕತ್ತು ಕಡಿಯುವುದನ್ನು ನೋಡಿದರೆ ಲೋಟ ಕಿತ್ತು ಬಿಸಾಡೋಣ ಎನ್ನಿಸುತ್ತಿತ್ತು. ಆ ಸಿಟ್ಟನ್ನೆಲ್ಲ ಆ ವಿಡಿಯೊಗೆ ಸುರಿದೆ. ಸಿವಿಲ್ ಡಿಫೆನ್ಸನ್ನು ‘ನಾಗರಿಕ ರಕ್ಷಣಾ ಪಡೆ’ ಎಂದೆ. ಅವನನ್ನು ಯೋಧ ಎಂದೆ. ಹಿಂದೆ ನಗಾರಿ ಹಾಕಿದೆ. ಹನೀನ್ ಕೊಟ್ಟ ಫೋಟೊದಲ್ಲಿ ಸಾಮೆರ್ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಸಲಿಕೆಯನ್ನು ಹೆಗಲ ಮೇಲಿಟ್ಟು ನಗುತ್ತಿದ್ದ. ಮಹಂತೇಶ್ ಸರ್ ಅದನ್ನು ನೋಡಿ, “ಈ ಬಣ್ಣ ಬ್ಯಾಡೋ. ಕೇಸರಿ ನೋಡಿದ ಕೂಡ್ಲೇ ನಮ್ಮ ಜನ ಕಾಮೆಂಟಲ್ಲಿ ಬೇರೇ ಜಗಳ ಶುರು ಮಾಡ್ತಾರೆ” ಎಂದರು. ನಾನು ಜಾಕೆಟ್ಟಿಗೆ ಹಸಿರು ಬಳಿದೆ. ಮಿಲಿಟರಿ ಹಸಿರು. ನೋಡಲು ಗತ್ತಾಗಿತ್ತು.

ಈಗ ಕಾಮೆಂಟುಗಳನ್ನು ಓದುತ್ತಾ ಕೂತಿದ್ದೆ. ಕೂತಿದ್ದೆ ಎನ್ನುವುದು ಸುಳ್ಳು. ಎದ್ದು ಕಿಟಕಿಗೆ ಹೋಗುವುದು, ಮತ್ತೆ ಬಂದು ಪರದೆ ನೋಡುವುದು. ಆಗ ಬಾಗಿಲು ತಟ್ಟದೆ ನಿಹಾರಿಕಕ್ಕ ಒಳಗೆ ಬಂದಳು. ಹಿಂದೆ ಹನೀನ್.

“ಇದನ್ನ ಮೊದಲು ತೆಗಿ,” ಅಂದಳು ನಿಹಾರಿಕಕ್ಕ.

“ಯಾವುದನ್ನ? ಕೂಲರಾ?”

“ತಮಾಷೆ ಬೇಡ ಜೀವನ್. ವಿಡಿಯೊ ತೆಗಿ.”

ಹನೀನ್ ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಕಂಪ್ಯೂಟರಿನ ಮುಂದೆ ಹೋಗಿ ನಿಂತು ಪರದೆಯ ಮೇಲೆ ಅಣ್ಣನ ಎದೆಯನ್ನು ಬೆರಳಿನಿಂದ ಮುಟ್ಟಿದಳು.

“ಹರಾ ಕ್ಯೋಂ, ಭಾಯ್?” ಎಂದಳು. ಹಸಿರು ಯಾಕೆ?

“ಚೆನ್ನಾಗಿ ಕಾಣ್ಲಿ ಅಂತ,” ಎಂದೆ ಹಿಂದಿಯಲ್ಲಿ.

“ಇಲ್ಲೊಂದು ನೀಲಿ ತ್ರಿಕೋನ ಇತ್ತು. ಅದೆಲ್ಲಿ?”

ಇತ್ತು. ಜಾಕೆಟ್ಟಿನ ಎದೆಯ ಮೇಲೆ ಕಿತ್ತಳೆ ಚೌಕದೊಳಗೆ ಒಂದು ನೀಲಿ ತ್ರಿಕೋನ. ಯಾವುದೋ ಕಂಪನಿಯ ಗುರುತು ಎಂದುಕೊಂಡು ಹಸಿರಿನ ಕೆಳಗೆ ಮುಚ್ಚಿಬಿಟ್ಟಿದ್ದೆ, ಹಾಗೆಂದೇ ಹೇಳಿದೆ.

“ಕಂಪನಿ ಅಲ್ಲ ಮಾರಾಯ,” ನಿಹಾರಿಕಕ್ಕ ತಲೆ ಚಚ್ಚಿಕೊಂಡಳು. “ಆಂಬುಲೆನ್ಸ್ ಮೇಲೆ ರೆಡ್ ಕ್ರಾಸ್ ಇರಲ್ವಾ, ಹಾಗೆ ಇದು. ದೇಶಗಳೆಲ್ಲ ಕೂತು ಒಪ್ಪಿಕೊಂಡ ಗುರುತು. ಇವನು ಜನರನ್ನ ಉಳಿಸೋನು, ಇವನಿಗೆ ಹೊಡೀಬೇಡಿ ಅಂತ ಅದರ ಅರ್ಥ. ನೀನು ಅದನ್ನ ಅಳಿಸಿ ಮಿಲಿಟರಿ ಬಟ್ಟೆ ಹಾಕಿದೀಯ. ಸಲಿಕೆ ಎಲ್ಲೋ?”

ಸಲಿಕೆಯ ತಲೆ ಚೌಕಟ್ಟಿನ ಹೊರಗೆ ಹೋಗಿತ್ತು. ಹೆಸರು ಬರೆಯಲು ಜಾಗ ಬೇಕೆಂದು ನಾನೇ ಕತ್ತರಿಸಿದ್ದೆ. ಹೆಗಲ ಮೇಲೆ ಹಿಡಿಯಷ್ಟೇ ಉಳಿದಿತ್ತು. ಉದ್ದಕ್ಕೆ, ಕಪ್ಪಗೆ. ಅದು ಯಾವುದರಂತೆ ಕಾಣುತ್ತಿದೆ ಎಂದು ಅವಳು ಹೇಳಲಿಲ್ಲ. ನನಗೂ ಕಣ್ಣಿತ್ತು.

ಆದರೂ ಸೋಲಲು ಮನಸ್ಸಾಗಲಿಲ್ಲ. “ಫೋಟೊ ಸರಿ ಮಾಡ್ತೀನಿ ಬಿಡಕ್ಕ. ಹೆಸರಲ್ಲಿ ಏನು ತಪ್ಪು? ವೀರಯೋಧ ಅಂದ್ರೆ ಬೈಗುಳಾನಾ? ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತು ಯಾವುದಿದೆ ಹೇಳು. ಅಣ್ಣನ್ನ ಹೊಗಳಿದ್ರೆ ಇವಳಿಗೆ ಅವಮಾನನಾ?”

“ದೊಡ್ಡ ಮಾತು ಬೇಕಾಗಿಲ್ಲ ಅವನಿಗೆ.”

“ಮತ್ತೇನು, ಪಾಪದವನು ಅನ್ಬೇಕಾ? ಅಯ್ಯೋ ಪಾಪ, ಕಾಲು ಹೋಯ್ತು, ಒಂದು ಲೈಕ್ ಒತ್ತಿ ಅಂತ?”

“ಕೂಗಬೇಡ. ಕೂತ್ಕೊ.”

ಕೂರಲಿಲ್ಲ. ಅವಳೇ ಕೂತಳು. “ನೋಡು. ಯುದ್ಧಕ್ಕೂ ಕಾನೂನಿದೆ. ಆಯುಧ ಹಿಡಿದು ಹೋರಾಡೋರು ಒಂದು ಕಡೆ, ಹಿಡಿಯದೇ ಇರೋರು ಇನ್ನೊಂದು ಕಡೆ. ಹಿಡಿಯದೇ ಇರೋರಿಗೆ ಗುರಿ ಇಡೋ ಹಾಗಿಲ್ಲ. ಹಿಡಿದೋನಿಗೆ ಹೊಡೀಬಹುದು, ಅದು ಕಾನೂನಲ್ಲಿ ತಪ್ಪಲ್ಲ. ಗಾಯ ಆಗಿ ಬಿದ್ದ ಸೈನಿಕನ್ನೂ ಕೊಲ್ಲೋ ಹಾಗಿಲ್ಲ, ಅದು ಬೇರೆ ಮಾತು. ಆದರೆ ಸಾಮೆರ್ ಸೈನಿಕನೇ ಅಲ್ಲ. ನೀನು ಯೋಧ ಅಂತ ಬರೆದ ಕೂಡ್ಲೇ ಅವನನ್ನ ಈ ಕಡೆಯಿಂದ ಎತ್ತಿ ಆ ಕಡೆ ಇಟ್ಟೆ.”

“ಓಹೋ. ಆ ಕಾನೂನು ಅವನ ಕಾಲು ಉಳಿಸ್ತಾ?”

ನಿಹಾರಿಕಕ್ಕ ಕೈಚಾಚಿ ಕೂಲರು ಆರಿಸಿದಳು.

“ಇಲ್ಲ,” ಎಂದಳು ನಿಹಾರಿಕಕ್ಕ. “ಉಳಿಸಲಿಲ್ಲ. ಆದರೆ ಅದನ್ನ ಮುರಿದರು ಅಂತ ಹೇಳೋಕೆ ಮೊದಲು ಅದು ಇರಬೇಕಲ್ಲ? ನಿನ್ನ ವಿಡಿಯೊ ನೋಡಿದೋನು ಏನಂತಾನೆ? ಯೋಧ ತಾನೆ, ಹೊಡೆದರು, ಅದರಲ್ಲೇನಿದೆ ಅಂತಾನೆ. ಯಾರೂ ಏನೂ ಮುರಿದೇ ಇಲ್ಲ ಅಂತಾಗುತ್ತೆ.”

ನಮ್ಮ ಕನ್ನಡ ಹನೀನ್‌ಗೆ ತಿಳಿಯುವುದಿಲ್ಲ. ಆದರೆ ಎಲ್ಲಿಗೆ ಬಂದೆವು ಎಂಬುದು ತಿಳಿದಂತಿತ್ತು. ಫೋನು ತೆರೆದು ನನ್ನ ಕೈಗೆ ಕೊಟ್ಟಳು. ನಮ್ಮದೇ ವಿಡಿಯೊ. ಅವಳ ಫೋನು ನನ್ನ ಕನ್ನಡವನ್ನು ತಾನೇ ಇಂಗ್ಲಿಷು ಮಾಡಿ ತೋರಿಸುತ್ತಿತ್ತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ‘ಸೋಲ್ಜರ್’ ಎಂಬುದನ್ನು ಓದಲು ಅಷ್ಟು ಸಾಕು. ಅದರ ಪಕ್ಕದಲ್ಲಿ ಸಾಮೆರ್‌ನ ಪೂರ್ತಿ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು. ಎಲ್ಲವನ್ನೂ ನಾನೇ ಹಾಕಿದ್ದೆ, ಕಥೆ ನಿಜವೆನಿಸಲಿ ಎಂದು.

“ಅಣ್ಣನ ಕಾಲು ಕೊಳೀತಿದೆ,” ಎಂದಳು ಹನೀನ್ ನಿಧಾನವಾಗಿ, ಹಿಂದಿ ಪದಗಳನ್ನು ಹುಡುಕಿಕೊಂಡು. “ಅಲ್ಲಿ ಆಪರೇಷನ್ ಆಗಲ್ಲ. ಹೊರಗೆ ಕರೆದುಕೊಂಡು ಹೋಗಬೇಕು. ಡಾಕ್ಟರು ಬರೆದುಕೊಟ್ಟಿದ್ದಾರೆ. ಈಗ ಅನುಮತಿಗೆ ಕಾಯ್ತಿದ್ದಾನೆ. ಅನುಮತಿ ಕೊಡೋರು ಇವನು ಯಾರು, ಏನು ಅಂತ ನೋಡ್ತಾರೆ, ಸೈನಿಕ ಅಂದ್ರೆ ಬಿಡಲ್ಲ. ಹೆಸರು ಹಾಕಿ ಹುಡುಕಿದರೆ ಇದು ಬರುತ್ತೆ. ತಂಗಿಯೇ ಹೇಳಿದ್ದಾಳೆ ಅಂತ ಬರುತ್ತೆ. ಭಾಯ್, ನಾನು ಯಾವಾಗ ಹೇಳಿದೆ?”

ಹೇಳಿರಲಿಲ್ಲ. ಅವಳ ಹಿಂದಿಯ ಮೇಲೆ ನನ್ನ ಕನ್ನಡ ಹಾಕಿದ್ದು ನಾನು.

“ಮತ್ತೆ ಇದು,” ಎಂದು ಅವಳು ಕಾಮೆಂಟುಗಳನ್ನು ಸರಿಸಿದಳು. “ಒಂದೇ ಸಾಲನ್ನ ಎಲ್ಲರೂ ಬರೆದಿದ್ದಾರೆ. ಫೋನು ಏನೇನೋ ತೋರಿಸುತ್ತೆ, ಅರ್ಥ ಆಗಲ್ಲ. ಏನಿದು?”

ನೋಡಿದೆ. ‘ಓಂ ಶಾಂತಿ. ಮತ್ತೆ ಹುಟ್ಟಿ ಬಾ ಅಣ್ಣ.’ ಕೆಳಗೆ ಇನ್ನೊಬ್ಬ: ‘ಮತ್ತೆ ಹುಟ್ಟಿ ಬಾ ವೀರ.’ ಅದರ ಕೆಳಗೂ ಅದೇ. ಬೆಳಗ್ಗೆಯಿಂದ ಅವನ್ನು ಓದಿಯೇ ನಾನು ಉಬ್ಬಿದ್ದೆ. ಯೋಧ ಎಂಬ ಮಾತಿನ ಪಕ್ಕದಲ್ಲಿ ಒಂದು ಫೋಟೊ ಕಂಡರೆ ನಮ್ಮ ಜನ ಆಮೇಲಿನದನ್ನು ಕೇಳುವುದೇ ಇಲ್ಲ. ಸತ್ತಿದ್ದಾನೆ ಎಂದೇ ಲೆಕ್ಕ.

“ಒಳ್ಳೇದೇ ಬರೆದಿದ್ದಾರೆ,” ಎಂದಳು ನಿಹಾರಿಕಕ್ಕ ಹಿಂದಿಯಲ್ಲಿ. ನನ್ನ ಮುಖ ನೋಡಲಿಲ್ಲ.

ತೆಗೆಯುವುದು ನನ್ನ ಕೈಯಲ್ಲಿರಲಿಲ್ಲ. ಒಮ್ಮೆ ಒಬ್ಬ ಬಾಯಿಗೆ ಬಂದಂತೆ ಕಾಮೆಂಟು ಹಾಕಿದ್ದಕ್ಕೆ ನಾನು ಅವನ ಅಪ್ಪನವರೆಗೂ ಹೋಗಿ ಉತ್ತರ ಕೊಟ್ಟಿದ್ದೆ. ಆಮೇಲೆ ಮಹಂತೇಶ್ ಸರ್ ಚಾನೆಲ್ಲಿನ ಪಾಸ್‌ವರ್ಡ್ ಬದಲಿಸಿ ಎಲ್ಲವನ್ನೂ ತಮ್ಮ ಫೋನಿನಲ್ಲೇ ಇಟ್ಟುಕೊಂಡಿದ್ದರು. ನಾನು ತಯಾರು ಮಾಡಿ ಕಳಿಸುವುದು, ಅವರು ಏರಿಸುವುದು. ಫೋನು ಮಾಡಿದೆ. ಮುಖರ್ಜಿ ನಗರದಲ್ಲಿ ಕ್ಲಾಸಿನಲ್ಲಿದ್ದರು.

“ಏನೋ? ಭಾರಿ ಓಡ್ತಿದೆಯಲ್ಲೋ!”

“ಸರ್, ಯೋಧ ಅನ್ನೋದನ್ನ ತೆಗೀಬೇಕು. ಅವನು ಯೋಧ ಅಲ್ವಂತೆ. ಈಗ್ಲೇ ತೆಗೀರಿ.”

ಆ ಕಡೆ ಡೆಸ್ಕು ಎಳೆಯುವ ಸದ್ದು. “ಯಾರು ಹೇಳಿದ್ದು?”

“ತಂಗಿನೇ ಬಂದಿದ್ದಾಳೆ ಸರ್.”

“ಜೀವನ್, ಆ ಮಾತು ಒಬ್ಬರಿಗೆ ಕೊಟ್ಟ ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಕ್ಲಾಸಲ್ಲಿದೀನಿ.” ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

“ಚಲೋ, ಅವರ ಹತ್ತಿರವೇ ಹೋಗೋಣ,” ಎಂದಳು ಹನೀನ್. ಮೆಟ್ಟಿಲು ಇಳಿಯತೊಡಗಿದ್ದಳು.

ರಾಜೇಂದ್ರ ಪ್ಲೇಸ್ ಮೆಟ್ರೊ ನಿಲ್ದಾಣದವರೆಗೆ ಹೆಚ್ಚುಕಡಿಮೆ ಓಡಿದೆವು. ರಾಜೀವ್ ಚೌಕಿನಲ್ಲಿ ಹಳದಿ ಲೈನಿಗೆ ಬದಲಿಸುವಾಗ ಜನ ನಮ್ಮನ್ನು ಹೊತ್ತುಕೊಂಡೇ ಒಳಗೆ ಹಾಕಿದರು. ಹನೀನ್ ಬಾಗಿಲ ಪಕ್ಕ ನಿಂತು ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ. ಆ ರೈಲಿನಲ್ಲಿ ನಿಂತವರಲ್ಲಿ ಎಷ್ಟು ಜನ ಈಗ ಗಾಜಾದ ಹೆಸರು ಹಾಕಿ ಹುಡುಕುತ್ತಿರಬಹುದು? ಯಾವ ಆಫೀಸಿನಲ್ಲಿ ಯಾರು ಕೂತು ‘ಸಾಮೆರ್’ ಎಂದು ಒತ್ತುತ್ತಿರಬಹುದು? ರೈಲು ಸುರಂಗದಲ್ಲಿ ಕಾರಣವಿಲ್ಲದೆ ನಿಂತಿತು. ಬಾಗಿಲಿಗೆ ಗುದ್ದೋಣ ಎನ್ನಿಸಿತು.

ರೈಲು ಮತ್ತೆ ಹೊರಟಾಗ ಮನೆಗೆ ಫೋನು ಮಾಡಿದೆ. ಅತ್ತೆಯ ಗುಂಪಿನಿಂದಲಾದರೂ ಅದು ಹೋಗಬೇಕಿತ್ತು. ಎತ್ತಿದ್ದು ಚಂದ್ರಮೋಹನ ಮಾವ. ರಕ್ಷಣಾ ಇಲಾಖೆಯಲ್ಲಿ ಗುಮಾಸ್ತರು, ಆ ದಿನ ರಜೆ ಹಾಕಿದ್ದರು.

“ಏನಪ್ಪಾ ಸ್ಟಾರು! ನಿಮ್ಮತ್ತೆ ಬೆಳಗ್ಗೆಯಿಂದ ಎಲ್ಲರಿಗೂ ನಿನ್ನ ಯೋಧನ್ನೇ ಹಂಚ್ತಿದ್ದಾಳೆ.”

“ಅದನ್ನ ಅಳಿಸಕ್ಕೆ ಹೇಳಿ ಮಾವ. ಅವನು ಯೋಧ ಅಲ್ಲ, ಸಿವಿಲ್ ಡಿಫೆನ್ಸು. ಸಿವಿಲಿಯನ್ನು.”

ಮಾವ ನಕ್ಕರು. “ಅಚ್ಛಾ! ಹಾಗಾದ್ರೆ ನಮ್ಮವನೇ. ನಾನೂ ಡಿಫೆನ್ಸ್ ಸಿವಿಲಿಯನ್ನೇ ಕಣೋ. ನಮ್ಮ ಆಫೀಸಲ್ಲಿ ಯೂನಿಫಾರ್ಮ್ ಇಲ್ಲದೋರಿಗೆಲ್ಲ ಹಾಗೇ ಅನ್ನೋದು. ಊರಲ್ಲಿ ನನ್ನನ್ನ ಏನಂತಾರೆ ಗೊತ್ತಲ್ಲ?”

“ಮಿಲಿಟರಿ ಚಂದ್ರಣ್ಣ.”

“ಹ್ಞಾ. ಸ್ಟೇಪ್ಲರಲ್ಲಿ ಬೆರಳು ಚುಚ್ಚಿಕೊಂಡಿದ್ದು ಬಿಟ್ರೆ ಬೇರೆ ಗಾಯ ಕಂಡೋನಲ್ಲ ನಾನು.”

“ನೀವು ಯಾವತ್ತೂ ತಿದ್ದಲೇ ಇಲ್ವಾ ಮಾವ?”

“ಯಾಕೋ ತಿದ್ದಲಿ? ಬಸ್ಸಲ್ಲಿ ಎದ್ದು ಸೀಟು ಬಿಟ್ಟುಕೊಡ್ತಿದ್ರು.” ಮತ್ತೆ ನಕ್ಕರು. ನಾನು ನಗಲಿಲ್ಲವೆಂಬುದು ಅವರಿಗೆ ಕೇಳಿಸಿರಬೇಕು. “ಆ ಹುಡುಗ ಎಲ್ಲಿದ್ದಾನೆ ಈಗ?” ಎಂದು ಕೇಳಿದರು.

“ಗಾಜಾದಲ್ಲೇ. ಟೆಂಟು ಹಾಕಿದ ಆಸ್ಪತ್ರೆಯಲ್ಲಿ.”

“ಇರು. ಮನೋರಮಾ... ಏ ಮನೋರಮಾ, ಫೋನ್ ತಗೊಂಬಾ ಇಲ್ಲಿ!” ಎಂದು ಕೂಗುವುದು ಕೇಳಿಸಿತು. ಲೈನು ಹೋಯಿತು.

ಜಿಟಿಬಿ ನಗರದಲ್ಲಿ ಇಳಿದು ಇ-ರಿಕ್ಷಾ ಹತ್ತಿದೆವು. “ಬತ್ರಾ ಸಿನಿಮಾ, ಭಯ್ಯಾ, ಜಲ್ದಿ,” ಎಂದಳು ನಿಹಾರಿಕಕ್ಕ. ಜಲ್ದಿ ಎಂದರೆ ಕೇಳುವ ರಸ್ತೆಯೇ ಅದು? ಎರಡೂ ಕಡೆ ಕೋಚಿಂಗಿನ ಫಲಕಗಳು, ಪಾಸಾದವರ ಮುಖಗಳು, ಜೆರಾಕ್ಸ್ ಅಂಗಡಿಗಳು, ಬ್ಯಾಗು ಹೊತ್ತ ಹುಡುಗರು. ಮಹಂತೇಶ್ ಸರ್ ಕ್ಲಾಸು ಮುಗಿಸಿ ಕಟ್ಟಡದ ಕೆಳಗಿನ ಚಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಮೂವರನ್ನು ಕಂಡು ಎದ್ದು ನಿಂತರು. ಹನೀನ್‌ಗೆ ನಮಸ್ಕಾರ ಮಾಡಿ ಬೆಂಚು ಬಿಟ್ಟುಕೊಟ್ಟರು. ಅವಳು ಕೂರಲಿಲ್ಲ.

ನಿಹಾರಿಕಕ್ಕ ಎಲ್ಲವನ್ನೂ ಹೇಳಿದಳು. ಗುರುತು, ಹಸಿರು, ಕಾಲು, ಅನುಮತಿ. ಸರ್ ತಲೆ ತಗ್ಗಿಸಿ ಕೇಳಿದರು.

“ಫೋಟೊ ಬದಲಿಸೋಣ,” ಎಂದರು. “ಊರು, ಓಣಿ ತೆಗೆಯೋಣ. ಅದು ತಪ್ಪೇ. ಆದರೆ ಆ ಮಾತು ಇರಲಿ ಅಂತ ನನಗೆ.”

“ಯಾಕೆ ಸರ್?” ಎಂದು ನಾನು ಹಾರಿಬಿದ್ದೆ. ಎರಡು ಗಂಟೆ ಹಿಂದೆ ಅದೇ ಮಾತಿಗೆ ನಾನೇ ಜಗಳವಾಡಿದ್ದೆ ಎಂಬುದು ನೆನಪೇ ಇರಲಿಲ್ಲ.

“ನನ್ನ ತಮ್ಮ ಗೊತ್ತಲ್ಲ ನಿನಗೆ.”

ಗೊತ್ತಿತ್ತು. ಗಡಿಯಲ್ಲಿ ಸತ್ತವನು. ಸರ್ ಫೋನಿನ ಪರದೆಯಲ್ಲಿ ಯಾವಾಗಲೂ ಅವನೇ.

“ಊರ ಬಸ್‌ಸ್ಟ್ಯಾಂಡಲ್ಲಿ ಅವನ ಫೋಟೊ ಇದೆ. ಕೆಳಗೆ ವೀರಯೋಧ ಅಂತ ಕೆತ್ತಿಸಿದ್ದಾರೆ. ನಮ್ಮವ್ವನಿಗೆ ಓದೋಕೆ ಬರಲ್ಲ. ಆ ಅಕ್ಷರ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಾಳೆ. ಅವಳಿಗೆ ಉಳಿದಿರೋದು ಅದೊಂದೇ. ಈ ಹುಡುಗಿಯ ಅಣ್ಣನಿಗೂ ಅದೇ ಮರ್ಯಾದೆ ಸಿಗಲಿ ಅಂತ ಮಾಡಿದ್ದು ನಾನು. ಇವರು ಅದನ್ನ ಕಸ ಗುಡಿಸೋ ಹಾಗೆ ತೆಗೀರಿ ಅಂದ್ರೆ...”

ಅವರ ಮಾತನ್ನೆಲ್ಲ ನಿಹಾರಿಕಕ್ಕ ಹನೀನ್‌ಗೆ ಹಿಂದಿಯಲ್ಲಿ ಹೇಳುತ್ತಾ ಬಂದಿದ್ದಳು. ನಿಹಾರಿಕಕ್ಕ ಕಾನೂನು ಹೇಳಲು ಬಾಯಿ ತೆರೆದಳು, ನಾನು ಕಿರುಚಲು. ಇಬ್ಬರಿಗಿಂತ ಮೊದಲು ಹನೀನ್ ತನ್ನ ಫೋನನ್ನು ಸರ್ ಮುಂದೆ ಹಿಡಿದಳು.

“ಸರ್, ನೀವು ಟೀಚರ್. ಇದು ಏನು ಹೇಳಿ. ಬೆಳಗ್ಗೆಯಿಂದ ಕೇಳ್ತಿದೀನಿ, ಇವರು ಹೇಳ್ತಿಲ್ಲ. ಒಳ್ಳೇದು ಅಂತಾರೆ, ಅಷ್ಟೆ.”

ಸರ್ ಕನ್ನಡಕ ಮೇಲಕ್ಕೆ ತಳ್ಳಿ ಓದಿದರು. “ಓಂ ಶಾಂತಿ. ಮತ್ತೆ ಹುಟ್ಟಿ ಬಾ...” ಕನ್ನಡದಲ್ಲಿ ಜೋರಾಗಿಯೇ ಓದಿದರು, ಕ್ಲಾಸಿನ ಅಭ್ಯಾಸ. ಆಮೇಲೆ ಹಿಂದಿಗೆ ತರಲು ಹೊರಟರು. “ಇದರ ಅರ್ಥ... ಫಿರ್ ಸೇ...”

ಮುಂದೆ ಹೋಗಲಿಲ್ಲ.

ಅದೇ ಸಾಲನ್ನು ಅವರ ತಮ್ಮನ ಫೋಟೊದ ಕೆಳಗೆ ಊರಿಗೆ ಊರೇ ಬರೆದಿತ್ತು. ತಮ್ಮನ ಹೆಣ ಹೊತ್ತ ಗಾಡಿಯ ಹಿಂದೆ ಹುಡುಗರು ಅದನ್ನೇ ಕೂಗುತ್ತಾ ಓಡಿದ್ದರಂತೆ. ಅವರೇ ಒಮ್ಮೆ ಹೇಳಿದ್ದರು. ಈಗ ಆ ಸಾಲನ್ನು, ಅಣ್ಣ ಬದುಕಿರುವ ಒಬ್ಬ ಹುಡುಗಿಯ ಮುಖ ನೋಡಿ ಹೇಳಬೇಕಿತ್ತು. ಚಾದಂಗಡಿಯವನು ಶುಂಠಿ ಕುಟ್ಟುತ್ತಿದ್ದ.

“ಹೇಳಿ ಸರ್,” ಎಂದಳು.

“ಸತ್ತವರಿಗೆ ಹೇಳೋ ಮಾತಮ್ಮ,” ಎಂದರು ಸರ್. ಅಷ್ಟನ್ನು ಹಿಂದಿಯಲ್ಲಿ ಹೇಳಿ ಮುಖ ತಿರುಗಿಸಿದರು.

ಹನೀನ್ ಅಳಲಿಲ್ಲ. ಅಳುತ್ತಾಳೆ ಎಂದು ನಾನು ಸಿದ್ಧನಾಗಿ ನಿಂತಿದ್ದೆ. “ಅವನು ಬದುಕಿದ್ದಾನೆ,” ಎಂದಳು. “ಇವತ್ತು ಬೆಳಗ್ಗೆ ವಾಯ್ಸ್ ಕಳಿಸಿದ್ದ. ಚಾಗೆ ಸಕ್ಕರೆ ಇಲ್ಲ ಅಂತ ಬೈತಿದ್ದ. ನಿಮ್ಮ ತಮ್ಮನ ಹೆಸರು ದೊಡ್ಡದು ಸರ್. ಅದನ್ನ ನನ್ನ ಅಣ್ಣನಿಗೆ ಕೊಡಬೇಡಿ. ಅವನ ಹತ್ತಿರ ಬಂದೂಕಿಲ್ಲ. ಬಂದೂಕಿಲ್ಲ ಅನ್ನೋದೊಂದೇ ಅವನಿಗಿರೋ ಗುರಾಣಿ.”

ಸರ್ ಫೋನಿನ ಬೀಗ ತೆರೆದು ನನ್ನ ಕೈಗೆ ಕೊಟ್ಟರು. ತಮ್ಮನ ಫೋಟೊದ ಮೇಲೆ ನನ್ನ ಬೆರಳು ಒಂದು ಕ್ಷಣ ನಿಂತಿತು. ಚಾನೆಲ್ಲು ತೆರೆದೆ. ಅಳಿಸಿದೆ. ಖಚಿತವೇ ಎಂದು ಅದು ಕೇಳಿತು. ಮತ್ತೆ ಒತ್ತಿದೆ.

ಆಮೇಲೆ ಶುರುವಾಯಿತು ಇನ್ನೊಂದು ಫಜೀತಿ. ಹೊಸದಾಗಿ ಏರಿಸಬೇಕು, ಸರಿಯಾದ ಮಾತು ಹಾಕಿ ಏರಿಸಬೇಕು. ಹಳೆಯದನ್ನು ನೋಡಿದವರು ಇದನ್ನೂ ನೋಡಬೇಕು ಎಂದು ಹನೀನ್ ಹಟ ಹಿಡಿದಳು. ಸರಿಯಾದ ಮಾತು ಯಾವುದು?

“ನಾಗರಿಕ,” ಎಂದರು ಸರ್. “ಪುಸ್ತಕದಲ್ಲಿ ಅದೇ ಇರೋದು. ಪ್ಯಾಲೆಸ್ಟೈನಿನ ನಾಗರಿಕ.”

“ನಾಗರಿಕ ಅಂದ್ರೆ ನಮ್ಮಲ್ಲಿ ಮೊದಲು ಸಿಟಿಜನ್ ಸರ್,” ಎಂದಳು ನಿಹಾರಿಕಕ್ಕ. “ಯಾವ ದೇಶದ ನಾಗರಿಕ, ಪಾಸ್‌ಪೋರ್ಟ್ ಯಾವುದು ಅಂತ ಜಗಳ ಬರುತ್ತೆ. ಈ ರಕ್ಷಣೆಗೆ ಪಾಸ್‌ಪೋರ್ಟ್ ಬೇಕಿಲ್ಲ. ಆಯುಧ ಹಿಡಿದಿಲ್ಲ ಅನ್ನೋದು ಸಾಕು.”

“ಅಮಾಯಕ?”

“ಹಾಗಂದ್ರೆ ಪೆದ್ದ ಅಂದ್ಕೋತಾರೆ,” ಎಂದೆ. ಹನೀನ್‌ಗೆ ಹೇಳಿದೆವು. “ಅಷ್ಟೇನೂ ಪೆದ್ದನಲ್ಲ,” ಎಂದಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಒಮ್ಮೆ ಸ್ಟುಡಿಯೊದ ಹಿಂದಿನ ಗಲ್ಲಿಯಲ್ಲಿ ಒಂದು ಮನೆ ಕುಸಿದಾಗ ನಾವು ಏನೆಂದು ಕೂಗಿದ್ದೆವು? ನನಗೆ ಅದು ಹೊಳೆಯಿತು. “ಫೈರ್‌ನವರು! ಫೈರ್‌ನವರು ಬಂದ್ರಾ ಅಂತ ತಾನೆ ಎಲ್ಲರೂ ಕೇಳೋದು? ಗಾಜಾದ ಫೈರ್‌ನವನು ಸಾಮೆರ್. ಮುಗೀತು.” ನನಗೇ ಚಪ್ಪಾಳೆ ತಟ್ಟಿಕೊಳ್ಳುವಷ್ಟು ಖುಷಿಯಾಯಿತು. ನಿಹಾರಿಕಕ್ಕ ಅದನ್ನು ಫೋನಿಗೆ ಹಾಕಿ ಇಂಗ್ಲಿಷು ಮಾಡಿಸಿ ನೋಡಿದಳು. ನೋಡಿ ಫೋನನ್ನು ತೊಡೆಯ ಮೇಲೆ ಕವುಚಿಟ್ಟಳು.

“ಏನಂತೆ?”

“ಗುಂಡು ಹಾರಿಸಿದವನು ಅಂತೆ.”

ನಾನು ಚಾ ಲೋಟವನ್ನು ಬೆಂಚಿಗೆ ಕುಕ್ಕಿದೆ. ಇಷ್ಟು ದೊಡ್ಡ ಭಾಷೆ, ಇಷ್ಟು ಪದಕೋಶ, ಒಬ್ಬ ಮನುಷ್ಯನನ್ನು ಬಂದೂಕಿಲ್ಲದೆ ನಿಲ್ಲಿಸಲು ಒಂದು ಪದ ಇಲ್ಲವೇ?

“ಭಾಯ್,” ಎಂದಳು ಹನೀನ್. “ಹೆಸರು ಬೇಡ. ಅವನು ಏನು ಮಾಡ್ತಾನೋ ಅದನ್ನ ಹೇಳಿ. ಅಷ್ಟೇ.”

ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಸ್ಕೂಟರುಗಳ ನಡುವೆ ನಿಂತು ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಮೊದಲ ಸಲ ಧ್ವನಿ ತಾನಾಗಿಯೇ ನಗಾರಿಯ ಕಡೆಗೆ ಏರಿತು. “ಇಳಿಸು,” ಎಂದಳು ನಿಹಾರಿಕಕ್ಕ. ಎರಡನೇ ಸಲ ಸಿಟ್ಟು ಬಂತು. “ಬೈಬೇಡ, ಹೇಳು,” ಎಂದರು ಸರ್. ಮೂರನೇ ಸಲ ನಿಧಾನವಾಗಿ ಹೇಳಿದೆ. ಬಿದ್ದ ಮನೆಗಳ ಕೆಳಗಿನಿಂದ ಜನರನ್ನು ಎತ್ತುವುದು ಸಾಮೆರ್‌ನ ಕೆಲಸ. ಅವನು ಸೈನಿಕನಲ್ಲ. ಅವನು ಆಯುಧ ಹಿಡಿದಿಲ್ಲ. ಅವನ ಹೆಗಲ ಮೇಲಿರುವುದು ಸಲಿಕೆ. ಎದೆಯ ಮೇಲಿನ ನೀಲಿ ತ್ರಿಕೋನ, ಇಂಥವನಿಗೆ ಹೊಡೆಯಬಾರದು ಎಂದು ಜಗತ್ತು ಒಪ್ಪಿಕೊಂಡ ಗುರುತು. ಆದರೂ ಹೊಡೆದರು. ಅವನು ಬದುಕಿದ್ದಾನೆ. ನಾವು ಮೊದಲು ಹೇಳಿದ್ದು ತಪ್ಪು.

ಫೋಟೊ ಇದ್ದಂತೆ ಹಾಕಿದೆವು. ಕಿತ್ತಳೆ ಕಿತ್ತಳೆಯಾಗಿಯೇ. “ಜಗಳ ಆಡೋರು ಆಡ್ಕೊಳ್ಳಲಿ,” ಎಂದರು ಸರ್. ಹೆಸರು: ‘ಸಾಮೆರ್ ಯೋಧನಲ್ಲ’. ನಿಹಾರಿಕಕ್ಕ ಅದನ್ನೂ ಇಂಗ್ಲಿಷು ಮಾಡಿಸಿ ನೋಡಿ, ಪರವಾಗಿಲ್ಲ ಎಂದು ತಲೆಯಾಡಿಸಿದಳು.

ಅದು ಓಡಲಿಲ್ಲ. ಮೊದಲನೆಯದು ಓಡಿದ ಹಾಗೆ ಯಾಕೆ ಓಡೀತು? ಹನೀನ್ ಅದರ ಲಿಂಕನ್ನು ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದಳು. ಒಂದೇ ಟಿಕ್ಕು ಬಿತ್ತು. ಅವನ ಕಡೆ ನೆಟ್ವರ್ಕ್ ಇರಲಿಲ್ಲವೋ, ಚಾರ್ಜ್ ಇರಲಿಲ್ಲವೋ. ಆ ಒಂದು ಟಿಕ್ಕನ್ನು ನೋಡುತ್ತಲೇ ಅವಳು ನಿಹಾರಿಕಕ್ಕನ ಜೊತೆ ಮೆಟ್ರೊ ಕಡೆ ನಡೆದಳು.

ಇ-ರಿಕ್ಷಾ ಹುಡುಕುತ್ತಿದ್ದಾಗ ಮನೋರಮತ್ತೆಯ ಮೆಸೇಜು ಬಂತು. ‘ನಾನು ಅಳಿಸಿದೆ ಕಣೋ, ಆದರೆ ನಮ್ಮ ಗುಂಪಿನ ಪಂಕಜಾ ಇನ್ನೊಂದು ಕಳಿಸಿದ್ದಾಳೆ ನೋಡು.’ ತೆರೆದೆ. ನನ್ನದೇ ಧ್ವನಿ, ನನ್ನದೇ ನಗಾರಿ. ಮೂಲೆಯಲ್ಲಿ ಬೇರೆ ಯಾರದೋ ಚಾನೆಲ್ಲಿನ ಮುದ್ರೆ, ಕೆಳಗೆ ಓಡುವ ಕೆಂಪು ಪಟ್ಟಿ: ‘ಹುತಾತ್ಮ ವೀರಯೋಧ’. ಹಸಿರು ಇನ್ನೂ ಗಾಢವಾಗಿತ್ತು. ಸಂಪರ್ಕಕ್ಕೆ ಎಂದು ಒಂದು ನಂಬರು ಕೊಟ್ಟಿದ್ದರು.

ರಸ್ತೆಯ ನಡುವೆಯೇ ನಿಂತು ಒತ್ತಿದೆ. ಹಿಂದೆ ಹಾರ್ನ್ ಮೇಲೆ ಹಾರ್ನ್. ಎತ್ತಿದವನು ನನ್ನ ವಯಸ್ಸಿನವನೇ ಇರಬೇಕು, ಗಂಟಲು ಹಾಗಿತ್ತು.

“ಬ್ರೋ, ನೀವು ಹಾಕಿರೋ ಗಾಜಾ ವಿಡಿಯೊ ತೆಗೀರಿ. ಅದು ನನ್ನದು. ಅದು ತಪ್ಪು. ಅವನು ಯೋಧ ಅಲ್ಲ.”

“ಯೋಧ ಅಲ್ವಾ? ಮತ್ತೇನು ಗುರು, ಹೇಡಿನಾ?”

ಕಿವಿ ಬಿಸಿಯಾಯಿತು. ಅವನ ಅಪ್ಪ, ಅಜ್ಜ ಎಲ್ಲರೂ ಸಾಲಾಗಿ ನನ್ನ ನಾಲಿಗೆಯ ತುದಿಗೆ ಬಂದು ನಿಂತರು. ಫೋನು ಇಟ್ಟುಬಿಟ್ಟರೆ ವಿಡಿಯೊ ಹಾಗೇ ಉಳಿಯುತ್ತದೆ. ಬೈದರೂ ಹಾಗೇ ಉಳಿಯುತ್ತದೆ.

“ಬಿದ್ದ ಮನೆಗಳ ಕೆಳಗಿಂದ ಜನರನ್ನ ಎತ್ತೋದು ಅವನ ಕೆಲಸ,” ಎಂದೆ. “ಅವನು ಬದುಕಿದ್ದಾನೆ. ನಿಮ್ಮ ವಿಡಿಯೊ ಇರೋ ತನಕ ಅವನಿಗೆ ಅಪಾಯ ಇದೆ. ಕೇಳಿಸ್ತಿದೆಯಾ?”

“ಹಲೋ? ಗಲಾಟೆ ಜಾಸ್ತಿ ಗುರು ಅಲ್ಲಿ, ಏನೂ ಕೇಳಿಸ್ತಿಲ್ಲ. ಇನ್ನೊಂದ್ಸಲ ಹೇಳಿ.”

ಫೋನನ್ನು ಬಾಯಿಗೆ ಹತ್ತಿರ ತಂದು, ಕೂಗದೆ, ಮೊದಲಿನಿಂದ ಹೇಳತೊಡಗಿದೆ.